ಮಲಗಿದವರಿಗೊಂದು ಚೀಟಿ

ಮಾವ: ಇಗೋ, ಕಪ್ಪನ್ನ ಇನ್ನೊಂದ್ಸಲ ತಲೆಕೆಳಗೆ ಮಾಡ್ತೀನಿ ನೋಡು. ಬಿತ್ತಾ? ಬೀಳಲ್ಲ. ಇದನ್ನ ಚಹಾ ಅಂತಾರಾ, ಗೋಡೆಗೆ ಮೆತ್ತೋ ಗಾರೆ ಅಂತಾರಾ?

ಹೆಂಡತಿ: ಅಪ್ಪಾ, ನೀನು ಹಾಕಿದ್ದು ಕಾರ್ನ್‌ಫ್ಲೋರ್. ಹಾಲಿನ ಪುಡಿ ಮೂರನೇ ಹಲಗೆಯಿಂದ ಎರಡನೇ ಹಲಗೆಗೆ ಹೋಗಿದೆ, ಎರಡನೇದ್ರಲ್ಲಿದ್ದ ಕಾರ್ನ್‌ಫ್ಲೋರ್ ಮೂರಕ್ಕೆ ಬಂದಿದೆ. ಚೀಟೀಲಿ ಬರೆದಿದ್ದೆನಲ್ಲ?

ಮಾವ: ಯಾವ ಚೀಟಿ?

ಹೆಂಡತಿ: ನಿನ್ನ ಕುರ್ಚಿ ಕೈ ಮೇಲೆ ಅಂಟಿಸಿದ ಚೀಟಿ.

ಮಾವ: ನಾನು ಎದ್ದಾಗ ಕುರ್ಚಿ ಕೈ ಮೇಲೆ ನನ್ನ ಕೈ ಬಿಟ್ರೆ ಇನ್ನೇನೂ ಇರ್ಲಿಲ್ಲ.

ಹೆಂಡತಿ: ಚೀಟಿ ಇಲ್ದಿದ್ರೆ ಡಬ್ಬಿ ಮೇಲಿನ ಹೆಸರಾದ್ರೂ ಓದಬಾರ್ದಾ?

ಮಾವ: ನಮ್ಮನೆ ಡಬ್ಬೀನ ಹೆಸರು ಓದಿ ತೆಗೀಬೇಕಾ? ಒಂದೊಂದನ್ನೂ ಓದ್ತಾ ಕೂತ್ರೆ ನೀರು ಆರಿ ತಣ್ಣಗಾಗುತ್ತೆ. ಎಲ್ಲೆಲ್ಲಿ ಏನಿದೆ ಅಂತ ಕೈಗೇ ಗೊತ್ತು.

ಈ ಕೈಗೆ ಅನುಭವ ಕಡಿಮೆಯೇನಲ್ಲ. ಮಾವ ಮೂವತ್ತೆಂಟು ವರ್ಷ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ನಿವೃತ್ತರಾದವರು. ಈಗ ಮಗಳ ಮನೆಯಲ್ಲಿ ಅವರ ಆಡಳಿತಕ್ಕೆ ಉಳಿದಿರುವುದು ಎರಡೇ ವಿಷಯ: ಮಧ್ಯಾಹ್ನದ ನಿದ್ದೆ, ಎದ್ದ ಮೇಲಿನ ಚಹಾ. ಮಗಳಿಗೆ ಔಷಧಿ ಅಂಗಡಿಯಿದೆ. ಬುಧವಾರ ಅಂಗಡಿಗೆ ರಜೆ, ಅವಳಿಗಲ್ಲ. ಆ ದಿನ ಅಡುಗೆಮನೆಯ ಕಪಾಟನ್ನೇ ಔಷಧಿ ಕಪಾಟೆಂದು ತಿಳಿದು, ಬೇಗ ಕೆಡುವುದು ಕೆಳಗೆ, ತಡವಾಗಿ ಕೆಡುವುದು ಮೇಲೆ ಎಂದು ಜೋಡಿಸುತ್ತಾಳೆ. ಮುಂದಿನ ಬುಧವಾರ ಅವಳಿಗೆ ಬೇರೆಯೇ ಜ್ಞಾನೋದಯವಾಗುತ್ತದೆ.

ಗಲಾಟೆ ಕೇಳಿ ಒಳಕೋಣೆಯಿಂದ ಅವಳ ಗಂಡ ಬಂದ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವನು. ಕೊರಳಿಗೆ ಹೆಡ್‌ಫೋನ್, ತಲೆ ಕೆದರಿ ಹಕ್ಕಿ ಗೂಡು. ಗಡಿಯಾರದಲ್ಲಿ ಮೂರೂ ಕಾಲು. ನಾಲ್ಕಕ್ಕೆ ಅವನ ಎರಡು ತಿಂಗಳ ಕೆಲಸದ ಹಣೆಬರಹ ನಿರ್ಧಾರವಾಗಲಿತ್ತು, ಆದ್ದರಿಂದ ಅವನಿಗೆ ಚಹಾದ ವಿಚಾರಣೆ ಬೇಕಾಗಿರಲಿಲ್ಲ. ಆದರೆ "ಚೀಟಿ" ಎಂಬ ಮಾತು ಕಿವಿಗೆ ಬಿದ್ದದ್ದೇ ಬಾಗಿಲಲ್ಲಿ ಗಕ್ಕನೆ ನಿಂತ.

ಗಂಡ: ಏನಂದ್ರಿ? ಚೀಟಿ ಪದ್ಧತಿ ಕೈಕೊಡ್ತಾ?

ಹೆಂಡತಿ: ಬನ್ನಿ, ನಿಮ್ಮದೇ ಪದ್ಧತಿ. ನಾನು ಹಾಯಾಗಿ ತಟ್ಟೆ ಬಡೀತಿದ್ದೆ.

ಅದೂ ನಿಜ. ಮೊದಲೆಲ್ಲ ಡಬ್ಬಿ ಬದಲಾಯಿಸುವ ಮುನ್ನ ಅವಳು ಸೌಟಿನಿಂದ ತಟ್ಟೆ ಬಡಿದು ಮನೆಮಂದಿಯನ್ನೆಲ್ಲ ಅಡುಗೆಮನೆ ಬಾಗಿಲಿಗೆ ಕರೆದು, "ಹಳೇದೆಲ್ಲ ಮರ್ತುಬಿಡಿ, ಹೊಸದಾಗಿ ನೋಡ್ಕೊಳ್ಳಿ" ಎನ್ನುತ್ತಿದ್ದಳು. ನಿದ್ದೆಗಣ್ಣಿನ ಮಾವ ಗಾಡಿ ಹಳಿ ತಪ್ಪಿತೆಂದು ಎದ್ದು ಓಡಿಬರುತ್ತಿದ್ದರು. ಎರಡು ತಿಂಗಳ ಹಿಂದೆ ಅಳಿಯ ಹೊಸ ನಿಯಮ ತಂದ. ಎಚ್ಚರವಿದ್ದವರನ್ನು ಕೂಗಬೇಕು, ಅವರು "ಹ್ಞೂಂ" ಎಂದ ಮೇಲೆಯೇ ಡಬ್ಬಿ ಮುಟ್ಟಬೇಕು. ಮಲಗಿದ್ದವರನ್ನು ಎಬ್ಬಿಸದೆ ಕುರ್ಚಿಗೆ ಚೀಟಿ ಅಂಟಿಸಬೇಕು, ಅವರು ಎದ್ದ ಕೂಡಲೇ ಓದಿಕೊಳ್ಳಬೇಕು. ಮನೆಯಲ್ಲಿ ಇದನ್ನು ತಂದ ದಿನವೇ ಕಂಪನಿಯಲ್ಲೂ ತಂದಿದ್ದ. ಎರಡು ಕಡೆಯೂ ಎಲ್ಲರೂ ಭೇಷ್ ಅಂದಿದ್ದರು.

ಗಂಡ: ಮಾವ, ನೀವು ಚೀಟಿ ಓದಿಲ್ಲ.

ಮಾವ: ಇರ್ಲಿಲ್ಲ ಅಂತಿದೀನಲ್ಲಪ್ಪ.

ಗಂಡ: ನಿದ್ದೆಗಣ್ಣು. ಓದೋದು ಮರೆತಿರ್ತೀರ. ಹ್ಞೂಂ ಅಂದ್ಬಿಡಿ, ಎಲ್ಲಾ ಮುಗಿಯುತ್ತೆ.

ಹೆಂಡತಿ: ರೀ! ಅಪ್ಪನ ಕಣ್ಣಿನ ಸುದ್ದಿಗೆ ಬರ್ಬೇಡಿ. ಅರ್ಧ ಮೈಲಿ ದೂರದ ದೀಪದ ಬಣ್ಣ ಹೇಳ್ತಿದ್ದೋರು.

ಗಂಡ: ಹಾಗಿದ್ರೆ ನೀನು ಅಂಟಿಸಿಲ್ಲ.

ಮಾವ: ಅಳಿಯಂದ್ರೇ! ನನ್ನ ಮಗಳು ಅಂಟಿಸಿದೆ ಅಂದ್ರೆ ಅಂಟಿಸಿದಾಳೆ. ಜ್ವರದ ಮಾತ್ರೆ ಪೊಟ್ಟಣದ ಮೇಲೂ ಎರಡೆರಡು ಸಲ ಬರೆಯೋ ಹುಡುಗಿ ಅದು.

ಗಂಡ: ಮತ್ತೆ ನೀವು ಚೀಟಿ ನೋಡಿದೀರ.

ಹೆಂಡತಿ: ನೋಡಿಲ್ಲ ಅಂತ ಹೇಳಿದ್ರಲ್ಲ!

ಗಂಡ: ಇಬ್ಬರೂ ನಿಜ ಹೇಳೋಕೆ ಸಾಧ್ಯಾನೇ ಇಲ್ಲ. ದಯವಿಟ್ಟು ಯಾರಾದ್ರೂ ಒಬ್ಬರು ಸುಳ್ಳು ಹೇಳಿ!

ತಂದೆ ಮಗಳು ಮುಖ ಮುಖ ನೋಡಿಕೊಂಡರು. ಐದು ನಿಮಿಷದ ಹಿಂದೆ ಹಾವು ಮುಂಗುಸಿಯಂತಿದ್ದವರು ಈಗ ಒಂದೇ ಪಕ್ಷವಾಗಿ ಅವನೆದುರು ನಿಂತರು. ಹೆಂಡತಿಯಾದವಳು ಗಂಡನ ಮುಖ ಓದಬಲ್ಲಳು. ಸಿಟ್ಟಿನ ಹಿಂದೆ ಭಯವಿದ್ದುದು ಅವಳಿಗೆ ಕಂಡಿತು.

ಹೆಂಡತಿ: ರೀ, ಒಂದು ಕಪ್ ಚಹಾಗೆ ಇಷ್ಟ್ಯಾಕೆ ಬೆವರ್ತಿದೀರ?

ಗಂಡ: ಚಹಾ ಹಾಳಾಗ್ಲಿ. ನಾಲ್ಕು ಗಂಟೆಗೆ ಕತ್ತರಿ ಮೇಡಂ ಫೋನ್ ಮಾಡ್ತಾರೆ.

ಕತ್ತರಿ ಮೇಡಂ ಎಂದರೆ ಅವನ ತಂಡದ ಹಿರಿಯ ಎಂಜಿನಿಯರ್. ಯಾರು ಏನು ಬರೆದು ಕೊಟ್ಟರೂ ಕತ್ತರಿಸಿ ಬಿಸಾಡುವ ಕೀರ್ತಿ ಅವರದು.

ಗಂಡ: ನನ್ನ ಚೀಟಿ ಪದ್ಧತೀನ ಒಂಬತ್ತು ದಿನ ಓಡಿಸಿ ನೋಡಿದಾರೆ. ಮೂರು ಸಲ ಮೆಷಿನ್ ಮಕಾಡೆ ಮಲಗಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ. ನಾಲ್ಕಕ್ಕೆ ಕಾರಣ ಹೇಳಿ, ಇಲ್ಲಾಂದ್ರೆ ಎಲ್ಲಾ ತೆಗೆದುಹಾಕ್ತೀನಿ ಅಂದಿದಾರೆ.

ಮಾವ: ನಿಮ್ಮ ಆಫೀಸಲ್ಲೂ ಹಾಲಿನ ಪುಡಿ ಇದೆಯಾ?

ಗಂಡ: ಇಲ್ಲ ಮಾವ. ಅಲ್ಲೊಂದು ದೊಡ್ಡ ಮೆಷಿನ್ ಇದೆ ಅನ್ಕೊಳ್ಳಿ. ಅದ್ರೊಳಗೆ ನಲವತ್ತು ಬಾಡಿಗೆದಾರರು. ಅವಕ್ಕೆ ವರ್ಚುವಲ್ ಮೆಷಿನ್ ಅಂತೀವಿ. ಒಬ್ಬೊಬ್ಬನಿಗೂ ಇಡೀ ಮನೆ ತನ್ನದೇ ಅನ್ನೋ ಭ್ರಮೆ. ಆ ಭ್ರಮೆ ಒಡೀದಂಗೆ ನೋಡ್ಕೊಳ್ಳೋ ಯಜಮಾನನ ಹೆಸರು ಹೈಪರ್‌ವೈಸರ್. ಅದನ್ನ ಬರೆಯೋನು ನಾನು.

ಮಾವ: ಭ್ರಮೆ ಕಾಪಾಡೋ ಯಜಮಾನ. ಈ ಮನೇಲಿ ನಿನ್ನ ಸ್ಥಿತಿ ಉಲ್ಟಾ.

ಗಂಡ: ಕೇಳಿ ಮಾವ. ಬಾಡಿಗೆದಾರ ತನ್ನ ಸಾಮಾನು ಮೂರನೇ ಹಲಗೇಲಿದೆ ಅಂದ್ಕೊಂಡಿರ್ತಾನೆ, ನಿಜವಾಗ್ಲೂ ಅದು ಇನ್ನೆಲ್ಲೋ ಇರುತ್ತೆ. ಅವನ ಅಡ್ರೆಸ್ಸಿಗೆ ನಿಜವಾದ ಅಡ್ರೆಸ್ ಯಾವುದು ಅಂತ ಒಂದು ರಿಜಿಸ್ಟರ್ ಇದೆ. ಪ್ರತಿಸಲ ರಿಜಿಸ್ಟರ್ ತೆಗೆದು ನೋಡಿದ್ರೆ ತಡ. ಅದಕ್ಕೆ ಒಳಗಿರೋ ಕೆಲಸಗಾರರು, ಅಂದ್ರೆ ಪ್ರೊಸೆಸರ್‌ಗಳು, ಒಂದ್ಸಲ ನೋಡಿದ್ದನ್ನ ನೆನಪಿಟ್ಕೊತಾರೆ.

ಮಾವ: ಕೈಗೇ ಗೊತ್ತಿರುತ್ತೆ.

ಗಂಡ: ಅಷ್ಟೇ! ಸಾಮಾನು ಜಾಗ ಬದಲಾದಾಗ ಆ ಹಳೇ ನೆನಪನ್ನ ಅಳಿಸ್ಬೇಕು. ಅದಕ್ಕೆ ಫ್ಲಶ್ ಮಾಡೋದು ಅಂತೀವಿ.

ಮಾವ: ಛೆ, ಅಡುಗೆಮನೇಲಿ ಆ ಮಾತು ಬೇಡ.

ಹೆಂಡತಿ: ಅಂದ್ರೆ ಮರೆಸೋದೇ ನಿಮ್ಮ ಕೆಲಸ. ಅದಕ್ಕೆ ಹದಿನೇಳು ವರ್ಷ ಓದ್ಬೇಕಾಯ್ತಾ? ನನ್ನ ಹುಟ್ಟಿದ ದಿನ ಓದದೇನೇ ಮರೀತೀರ.

ಗಂಡ: ಮಾರಾಯ್ತಿ, ಈಗ ಬೇಡ. ಕೆಲಸಗಾರರಲ್ಲಿ ಮುಕ್ಕಾಲು ಪಾಲು ಯಾವಾಗ್ಲೂ ಮಲಗಿರ್ತಾರೆ. ಹಿಂದೆ ಅವರೆಲ್ಲ ಎದ್ದು ಹ್ಞೂಂ ಅನ್ನೋವರೆಗೂ ಎದ್ದಿದ್ದೋರು ಕೈಕಟ್ಕೊಂಡು ಕಾಯ್ಬೇಕಿತ್ತು. ನಾನು ಬಂದು, ಮಲಗಿದೋರಿಗೆ ಚೀಟಿ ಅಂಟಿಸಿ ಮುಂದೆ ಹೋಗಿ ಅಂದೆ. ಕೆಲಸ ಎರಡು ಪಟ್ಟು ಬೇಗ ಆಯ್ತು. ಆದ್ರೆ ಒಂಬತ್ತು ದಿನದಲ್ಲಿ ಮೂರು ಸಲ, ಯಾರೋ ಒಬ್ಬ ಎದ್ದೋನು ಹಳೇ ಜಾಗಕ್ಕೇ ಕೈಹಾಕಿದಾನೆ. ಕೋಡಲ್ಲಿ ಚೀಟಿ ಅಂಟಿಸೋ ಸಾಲು ನೂರು ಸಲ ನೋಡಿದೆ, ಸರಿಯಿದೆ. ಓದೋ ಸಾಲು ನೂರು ಸಲ ನೋಡಿದೆ, ಅದೂ ಸರಿಯಿದೆ. ಮತ್ತೆ ಕಾರ್ನ್‌ಫ್ಲೋರ್ ಎಲ್ಲಿಂದ ಬಂತು?

 ಮಾವ ಕಪ್ಪನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಹಾಕಿದರು, ಒಂದು ಹನಿಯೂ ಚೆಲ್ಲಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತರು. ಆ ಕೂರುವ ಠೀವಿಯೇ ಬೇರೆ. ಹತ್ತು ವರ್ಷಗಳ ನಂತರ ಅವರು ಮತ್ತೆ ಡ್ಯೂಟಿಗೆ ಹತ್ತಿದ್ದರು.

ಮಾವ: ಅಳಿಯಂದ್ರೇ, ನೀನು ವಿಚಾರಣೆ ಮಾಡೋ ಕ್ರಮಾನೇ ತಪ್ಪು. ಒಂದೇ ಹಳಿ ಮೇಲೆ ಎರಡು ಗಾಡಿ ಬಂದ್ವು ಅನ್ನು. ಈ ಕಡೆಯೋನು ಹಸಿರು ಇತ್ತು ಅಂತಾನೆ, ಆ ಕಡೆಯೋನು ಕೆಂಪು ಹಾಕಿದ್ದೆ ಅಂತಾನೆ. ಯಾರು ಸುಳ್ಳು ಹೇಳಿದ್ರು ಅಂತ ನಾವು ಕೇಳ್ತಿರ್ಲಿಲ್ಲ. ಎಷ್ಟು ಗಂಟೆಗೆ ಅಂತ ಕೇಳ್ತಿದ್ವಿ.

ಗಂಡ: ಎಷ್ಟು ಗಂಟೆಗೆ?

ಮಾವ: ಎರಡೂ ನಲವತ್ತೆರಡಕ್ಕೆ ಎದ್ದೆ. ಎದ್ದಾಗ ಗಡಿಯಾರ ನೋಡೋದು ಹಳೇ ಚಟ. ಕುರ್ಚಿ ಕೈ ನೋಡಿದೆ, ಏನೂ ಇಲ್ಲ. ಮುಖ ತೊಳೆಯೋಕೆ ಹೋದೆ. ಆಮೇಲೆ ಚಹಾ.

ಹೆಂಡತಿ: ನಾನು ಚೀಟಿ ಮೇಲೆ ಹೊತ್ತು ಬರೀತೀನಿ. ಇರಿ, ತರ್ತೀನಿ.

ಅವಳು ನಡುಮನೆಗೆ ಹೋಗಿ ಕುರ್ಚಿಯ ಕೈಯಿಂದ ಚೀಟಿ ಕಿತ್ತು ತಂದಳು. ಹಳದಿ ಚೀಟಿ, ದುಂಡನೆಯ ಅಕ್ಷರ, ಮೂಲೆಯಲ್ಲಿ ಎರಡು ನಲವತ್ತಮೂರು.

ಗಂಡ: ನಲವತ್ತಮೂರಾ? ಅಷ್ಟು ಹೊತ್ತಿಗೆ ಮಾವ ಎದ್ದು ಹೋಗಿದಾರಲ್ಲೇ! ಖಾಲಿ ಕುರ್ಚಿಗೆ ಅಂಟಿಸಿದೀಯ!

ಹೆಂಡತಿ: ಖಾಲಿ ಹೇಗಾಗುತ್ತೆ? ಕಣ್ಣಾರೆ ನೋಡಿದೆ. ಬಾಯಿ ತೆರ್ಕೊಂಡು ಗೊರಕೆ ಹೊಡೀತಿದ್ರು.

ಮಾವ: ನಾನು ಗೊರಕೆ ಹೊಡೆಯಲ್ಲ.

ಗಂಡ: ಯಾವಾಗ ನೋಡಿದ್ದು?

ಹೆಂಡತಿ: ಅದೇ... ನಲವತ್ತಕ್ಕೆ ಇರ್ಬೇಕು. ಮಲಗಿದಾರೆ, ಸರಿ, ಚೀಟಿ ಬರೆಯೋಣ ಅಂತ ಕೋಣೆಗೆ ಹೋದೆ. ಮೊದಲ್ನೇ ಪೆನ್ನು ಬರೀಲಿಲ್ಲ. ಎರಡನೇದಕ್ಕೆ ಕ್ಯಾಪ್ ಇರ್ಲಿಲ್ಲ. ಬರ್ಕೊಂಡು ಬಂದು ಹಿಂದಿನಿಂದಾನೇ ಕೈಚಾಚಿ ಅಂಟಿಸಿದೆ, ಎಚ್ಚರ ಆಗ್ಬಾರ್ದು ಅಂತ. ಬೆನ್ನು ಅಷ್ಟು ಎತ್ತರ ಇರೋ ಕುರ್ಚೀಲಿ ಯಾರಿದಾರೆ ಯಾರಿಲ್ಲ ಹೇಗ್ರೀ ಗೊತ್ತಾಗುತ್ತೆ? ಆಮೇಲೆ ನಿಮ್ಮನ್ನ ಕೂಗಿ, ನೀವು ಹ್ಞೂಂ ಅಂದ್ಮೇಲೆ ಡಬ್ಬಿ ಬದಲಾಯಿಸಿ, ಒರೆಸೋ ಬಟ್ಟೆ ಒಣಹಾಕೋಕೆ ಮೇಲೆ ಹೋದೆ.

ಮಾವ: ನಾನು ಮುಖ ತೊಳ್ಕೊಂಡು ಇಲ್ಲಿಗೆ ಬಂದೆ.

 ಗಂಡ ಚೀಟಿಯನ್ನು ನೋಡಿದ, ಮಾವನನ್ನು ನೋಡಿದ, ಬೋರಲು ಬಿದ್ದ ಕಪ್ಪನ್ನು ನೋಡಿದ. ಅವಳು ಅಂಟಿಸಿದ್ದು ನಿಜ. ಅವರು ನೋಡಿದಾಗ ಚೀಟಿ ಇಲ್ಲದ್ದೂ ನಿಜ. ಅವಳು ನೋಡಿದ್ದಕ್ಕೂ ಅಂಟಿಸಿದ್ದಕ್ಕೂ ನಡುವೆ ಮೂರು ನಿಮಿಷದ ಸಂದು, ಆ ಸಂದಿನಲ್ಲಿ ಮಾವ ಎದ್ದು ಹೋಗಿದ್ದರು.

ಗಂಡ: ಯಾರೂ ಸುಳ್ಳು ಹೇಳಿಲ್ಲ!

ಹೆಂಡತಿ: ಇಷ್ಟೊತ್ತೂ ಅದನ್ನೇ ಹೇಳ್ತಿದ್ದಿದ್ದು.

ಗಂಡ: ಅಲ್ಲ ಕಣೇ, ನನ್ನದ್ರಲ್ಲೂ ಹೀಗೇ! ಮಲಗಿದಾನಾ ಅಂತ ನೋಡ್ತೀನಿ, ಆಮೇಲೆ ಅಂಟಿಸ್ತೀನಿ. ಒಂದು ಸಾಲು, ಮತ್ತೊಂದು ಸಾಲು. ಎರಡರ ನಡುವೆ ಅವನು ಎದ್ದ ಅಂದ್ರೆ ಚೀಟೀನೂ ಇಲ್ಲ, ಕೂಗೂ ಇಲ್ಲ. ಅಷ್ಟು ಸಣ್ಣ ಸಂದು, ಅದಕ್ಕೇ ಒಂಬತ್ತು ದಿನಕ್ಕೆ ಮೂರೇ ಸಲ!

ಅವನು ಮಾವನ ಎರಡೂ ಕೈ ಹಿಡಿದು ಕುಲುಕಿದ. ಆಮೇಲೆ ಗಡಿಯಾರ ನೋಡಿದ. ಮೂರೂ ನಲವತ್ತು. ಮುಖ ಮತ್ತೆ ಜೋಲುಬಿತ್ತು.

ಗಂಡ: ಕಾರಣ ಸಿಕ್ತು, ಪರಿಹಾರ ಎಲ್ಲಿ? ಅಂಟಿಸೋಕೆ ಮುಂಚೆ ಇನ್ನೊಂದ್ಸಲ ನೋಡಿದ್ರೆ?

ಮಾವ: ಆ ಇನ್ನೊಂದ್ಸಲಕ್ಕೂ ಅಂಟಿಸೋದಕ್ಕೂ ನಡುವೆ ಒಂದು ಸಂದು ಇರುತ್ತೆ.

ಹೆಂಡತಿ: ಪೆನ್ನು ಜೇಬಲ್ಲೇ ಇಟ್ಕೊಂಡ್ರೆ?

ಮಾವ: ಸಂದು ಸಣ್ಣದಾಗುತ್ತೆ, ಹೋಗಲ್ಲ. ನಮ್ಮ ಕ್ಯಾಬಿನ್ನಲ್ಲಿ ಹಳಿ ಲಿವರ್ರಿಗೂ ಸಿಗ್ನಲ್ ಲಿವರ್ರಿಗೂ ಕಬ್ಬಿಣದ ಕೊಂಡಿ ಇತ್ತು. ಹಳಿ ಸರಿಯಾಗಿ ಕೂತಿಲ್ಲ ಅಂದ್ರೆ ಸಿಗ್ನಲ್ ಜಗ್ಗಿದ್ರೂ ಬರ್ತಿರ್ಲಿಲ್ಲ. ನೋಡೋದು ಬೇರೆ, ಮಾಡೋದು ಬೇರೆ ಅಂತ ಇರ್ಲೇ ಇಲ್ಲ. ಕೈ ಹಾಕಿದಾಗ್ಲೇ ಗೊತ್ತಾಗ್ತಿತ್ತು. ಆ ಸಾಮಾನಿನ ಪಟ್ಟಿ ಬರೆಯೋ ಸ್ಲೇಟು ಕೊಡು ಮಗಳೇ.

ಸ್ಲೇಟು ಬಂತು. ಮಾವ ಅದನ್ನು ಒರೆಸಿ, ಮೇಲ್ಗಡೆ ದಪ್ಪಗೆ "ಮಲಗಿದ್ದೇನೆ" ಎಂದು ಬರೆದು, ದಾರದಿಂದ ಕೊರಳಿಗೆ ನೇತುಹಾಕಿಕೊಂಡರು.

ಮಾವ: ಮಲಗೋವಾಗ ಇದನ್ನ ಹೀಗೆ ಹಾಕ್ಕೊತೀನಿ. ಎದ್ದ ಕೂಡ್ಲೇ ತೆಗೆದು, ಓದಿ, ಅಳಿಸ್ತೀನಿ. ನೀನು ಏನೇ ಬರೆಯೋದಿದ್ರೂ ಇದೇ ಸ್ಲೇಟಿನ ಮೇಲೆ, ಈ ಅಕ್ಷರದ ಕೆಳಗೆ. ಬೇರೆ ಚೀಟಿ ಬೇಡ. ನನ್ನ ಎದೆ ಮೇಲೆ ಸ್ಲೇಟು ಸಿಕ್ತಾ, ಬರಿ. ಸಿಗ್ಲಿಲ್ವಾ, ನಾನು ಎದ್ದಿದೀನಿ, ಕೂಗು.

ಗಂಡ: ಮಲಗಿದಾನೆ ಅನ್ನೋ ಗುರುತು, ಅವನಿಗೆ ಹೇಳೋ ಸುದ್ದಿ, ಎರಡೂ ಒಂದೇ ಸ್ಲೇಟಿನ ಮೇಲೆ... ಮೆಮೊರೀಲಿ ಒಂದೇ ಬೈಟಲ್ಲಿ... ನೋಡೋದೂ ಬರೆಯೋದೂ ಒಂದೇ ಏಟಿಗೆ... ಮಾವಾ!

ಮಾತು ಮುಗಿಸದೆ ಕೋಣೆಗೆ ಓಡಿದ. ಹದಿನೆಂಟು ನಿಮಿಷ ಕೀಲಿಮಣೆಯ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ. ಸರಿಯಾಗಿ ನಾಲ್ಕಕ್ಕೆ ಫೋನ್ ಬಂತು. ಹೆಡ್‌ಫೋನ್ ಕಿವಿಗೇರಿಸಿ, ಬಾಗಿಲಿಗೆ ಬೆನ್ನು ಹಾಕಿ ಕೂತ.

ಕತ್ತರಿ: ಕಾರಣ?

ಗಂಡ: ನೋಡೋದಕ್ಕೂ ಅಂಟಿಸೋದಕ್ಕೂ ನಡುವೆ ಸಂದು ಇತ್ತು ಮೇಡಂ.

ಕತ್ತರಿ: ಪರಿಹಾರ?

ಗಂಡ: ಎರಡೂ ಒಂದೇ ಬೈಟ್. ಒಂದೇ ಏಟಿಗೆ ನೋಡಿ ಬದಲಾಯಿಸ್ತೀವಿ. ಅಷ್ಟರಲ್ಲಿ ಎದ್ದಿದ್ರೆ ಬದಲಾವಣೆ ಆಗೋದೇ ಇಲ್ಲ, ಆಗ ಕೂಗ್ತೀವಿ.

ಆ ಕಡೆ ಅವನು ಬರೆದು ಕಳಿಸಿದ್ದನ್ನು ತೆರೆದು ನೋಡುವ ಟಿಕ್ ಟಿಕ್ ಕೇಳಿಸಿತು. 

ಕತ್ತರಿ: ಇದು ಯಾರಿಗೆ ಹೊಳೀತು?

"ನನಗೆ" ಎನ್ನಲು ತುಟಿ ತೆರೆದಿತ್ತು. ಒಂದು ಕ್ಷಣದ ಆಸೆ, ಯಾರಿಗಾದರೂ ಆಗುವಂಥದ್ದು. ಅಡುಗೆಮನೆಯಲ್ಲಿ ಬೋರಲು ಬಿದ್ದ ಕಪ್ಪು ನೆನಪಿಗೆ ಬಂದು ತಡೆಯಿತು.

ಗಂಡ: ನಮ್ಮ ಮಾವನಿಗೆ.

ಕತ್ತರಿ: ಯಾವ ಕಂಪನಿ?

ಗಂಡ: ರೈಲ್ವೆ. ಸಿಗ್ನಲ್ ಕ್ಯಾಬಿನ್.

ಕತ್ತರಿ: ಅದಕ್ಕೇ ತಲೆ ಸರಿಯಿದೆ. ನಿಮ್ಮ ಪದ್ಧತಿ ಉಳೀತು. ಇನ್ನೊಂದ್ಸಲ ಒಂಬತ್ತು ದಿನ ಓಡಿಸಿ.

ಗಂಡ: ಹ್ಞೂಂ.

ಕತ್ತರಿ: ಪ್ರತಿಯೊಂದನ್ನೂ ವಿವರವಾಗಿ ಬರೆದಿಡಿ.

ಗಂಡ: ಹ್ಞೂಂ, ಹ್ಞೂಂ. ಖಂಡಿತ.

ಅವರು ಇನ್ನೂ ಹತ್ತು ನಿಮಿಷ ಏನೇನೋ ಹೇಳಿದರು. ಅವನು ಕಣ್ಣು ಮುಚ್ಚಿ, ಎಲ್ಲದಕ್ಕೂ ಹೂಂಗುಟ್ಟಿದ. ಎರಡು ತಿಂಗಳ ಕೆಲಸ ಉಳಿದವನ ಹ್ಞೂಂ ಅದು, ಬಲು ಧಾರಾಳವಾಗಿತ್ತು.

ಫೋನ್ ಇಟ್ಟವನೇ ಅಡುಗೆಮನೆಗೆ ಹಾರಿದ. ಇವತ್ತು ಎಲ್ಲರಿಗೂ ತಾನೇ ಚಹಾ ಮಾಡಬೇಕು. ನೀರು ಕುದಿಸಿ, ಚಹಾಪುಡಿ ಹಾಕಿ, ಸೋಸಿ, ಶಿಳ್ಳೆ ಹಾಕುತ್ತ ಎರಡನೇ ಹಲಗೆಗೆ ಕೈ ಚಾಚಿದ. ಹೆಸರು ಓದುವ ಗೊಡವೆಯೇ ಇಲ್ಲ, ಹೊಸ ಜಾಗ ಕೈಗೇ ಗೊತ್ತಿತ್ತು. ಎರಡೆರಡು ಚಮಚ ಧಾರಾಳವಾಗಿ ಹಾಕಿ ತಿರುವಿದ. ಮೂರನೇ ಸುತ್ತಿಗೆ ಚಮಚ ತಾನಾಗಿ ನಿಂತುಕೊಂಡಿತು.

ಗಂಡ: ಇದೇನೇ ಇದು! ಎರಡನೇ ಹಲಗೆ ಡಬ್ಬೀನೇ ಹಾಕಿದೀನಿ!

ಹೆಂಡತಿ: ಅಯ್ಯೋ, ಅದೀಗ ಕಾರ್ನ್‌ಫ್ಲೋರ್. ಎಲ್ಲಾ ಹಳೇ ಜಾಗಕ್ಕೇ ಹಾಕ್ಬಿಟ್ಟೆ. ಪಾಪ, ಅಪ್ಪನ ಕೈಗೆ ಗೊತ್ತಿರೋ ಜಾಗ ಯಾಕೆ ತಪ್ಪಿಸ್ಬೇಕು ಅಂತ.

ಮಾವ ಆಗಲೇ ಕುರ್ಚಿಯಲ್ಲಿದ್ದರು. ಒಂದು ಕಿರುನಿದ್ದೆ ತೆಗೆದು, ಎದ್ದು, ಸ್ಲೇಟು ಓದಿ, ಅಳಿಸಿ, ತಮ್ಮ ಚಹಾ ತಾವೇ ಮಾಡಿಕೊಂಡಿದ್ದರು. ಅದನ್ನು ಸೊರ್ ಎಂದು ಹೀರುತ್ತಿದ್ದರು.

ಗಂಡ: ಅವರಿಗೆ ಸ್ಲೇಟು. ನನಗೆ?

ಹೆಂಡತಿ: ನೀವು ಎಚ್ಚರ ಇದ್ರಿ. ಕೂಗಿದೆ. ತಟ್ಟೇನೂ ಬಡಿದೆ.

ಗಂಡ: ಕಿವೀಲಿ ಹೆಡ್‌ಫೋನ್ ಇತ್ತು ಕಣೇ! ಹ್ಞೂಂ ಅನ್ನೋವರೆಗೂ ಡಬ್ಬಿ ಮುಟ್ಟಬಾರ್ದು ಅಂತ ನಿಯಮ ಇದೆ!

ಹೆಂಡತಿ: ನಿಯಮದ ಪ್ರಕಾರಾನೇ ಮಾಡಿದ್ದು. ನಿಮ್ಮ ಕೋಣೆ ಬಾಗಿಲಲ್ಲೇ ನಿಂತು, ಎಲ್ಲಾ ಹಳೇ ಜಾಗಕ್ಕೆ ಇಡ್ತಿದೀನಿ ಅಂದೆ. "ಹ್ಞೂಂ, ಹ್ಞೂಂ. ಖಂಡಿತ" ಅಂದ್ರಿ.

ಗಂಡ: ಅದು ಕತ್ತರಿ ಮೇಡಂಗೆ ಅಂದಿದ್ದು!

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. ಹೊಸ ಯೋಚನೆಯೊಂದು ಅವಳ ಮುಖದ ಮೇಲೆ ನಿಧಾನವಾಗಿ ಮೂಡುವುದನ್ನು ಅವನು ಕಂಡ. ತನ್ನ ಪದ್ಧತಿಯಲ್ಲಿ ಇನ್ನೂ ಒಂದು ಸಂದು ಉಳಿದಿದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

ಹೆಂಡತಿ: ಹನ್ನೊಂದು ವರ್ಷದಿಂದ ಈ ಹ್ಞೂಂ ನಂಬ್ಕೊಂಡೇ ಸಂಸಾರ ಮಾಡ್ತಿದೀನಿ. ಅದ್ರಲ್ಲಿ ನನಗೆ ಅಂತ ಅಂದಿದ್ದೆಷ್ಟು, ಬೇರೆಯೋರಿಗೆ ಅಂದಿದ್ದೆಷ್ಟು? ಹೇಳಿ, ಈಗ್ಲೇ ಲೆಕ್ಕ ಹೇಳಿ.

ಗಂಡ: ಮಾವ! ನೀವಾದ್ರೂ ಸ್ವಲ್ಪ ಹೇಳಿ ಮಾವ!

 ಅವನು ತಿರುಗಿ ನೋಡಿದ. ಮಾವನ ಒಂದು ಕೈಯಲ್ಲಿ ಇನ್ನೂ ಹಬೆಯಾಡುವ ಕಪ್ಪು, ಇನ್ನೊಂದು ಕೈಯಿಂದ ಆಗಷ್ಟೇ ನೇತುಹಾಕಿಕೊಂಡ ಸ್ಲೇಟು ಎದೆಯ ಮೇಲೆ ತೂಗಾಡುತ್ತಿತ್ತು. ಅದರ ಮೇಲೆ ಹೊಸದಾಗಿ ಬರೆದ ಒಂದೇ ಮಾತು: "ಮಲಗಿದ್ದೇನೆ".

ಮಾವ (ಕಣ್ಣು ಮುಚ್ಚಿಕೊಂಡೇ): ಏನಿದ್ರೂ ಕೆಳಗೆ ಬರೀರಿ. ಎದ್ದಾಗ ಓದ್ತೀನಿ.